ಅಸೆಂಬ್ಲಿಗೆ ಮನುಷ್ಯನ್ನ ನೋಡಿ, ಪಾರ್ಲಿಮೆಂಟಿಗೆ ಬಾವುಟ ನೋಡಿ: ಉತ್ತರ ಕನ್ನಡದವರ ವೋಟು

ಕುಮಟಾದಲ್ಲಿ ಮೊನ್ನೆ ಮಾತಾಡಿದ್ದನ್ನ ಬರೆದು ಕೊಡಿ ಅಂತ ಸುಮಾರು ಜನ ಕೇಳಿದ್ರು. ಮಾತಾಡಿದ ಹಾಗೇ ಬರ್ದಿದ್ದೇನೆ. ಅಲ್ಲಿ ಟೈಮ್ ಸಾಲದೆ ಬಿಟ್ಟಿದ್ದ ಒಂದೆರಡು ವಿಷಯ ಸೇರಿಸಿದ್ದೇನೆ, ಕೊನೆಗೆ ಬಂದ ಪ್ರಶ್ನೆಗಳನ್ನೂ ಹಾಕಿದ್ದೇನೆ.

ಎಲ್ರಿಗೂ ನಮಸ್ಕಾರ. 2023ರ ಮೇ ತಿಂಗಳ ಅಸೆಂಬ್ಲಿ ಇಲೆಕ್ಷನ್ ನೆನಪು ಮಾಡ್ಕೊಳ್ಳಿ. ಶಿರಸಿಯಲ್ಲಿ ವಿಶ್ವೇಶ್ವರ ಹೆಗಡೆ ಕಾಗೇರಿಯವರು ಸೋತ್ರು. ಅಂಕೋಲಾದಿಂದ ಮೂರು ಸಲ, ಶಿರಸಿಯಿಂದ ಮೂರು ಸಲ ಗೆದ್ದವರು, ಶಿಕ್ಷಣ ಮಂತ್ರಿ ಆಗಿದ್ದವರು, ಸೋಲುವಾಗ ವಿಧಾನಸಭೆಯ ಸ್ಪೀಕರ್ ಅವರು. ಕಾಂಗ್ರೆಸ್ಸಿನ ಭೀಮಣ್ಣ ನಾಯ್ಕರು ಎಂಟು ಸಾವಿರ ಚಿಲ್ಲರೆ ವೋಟಿನಿಂದ ಗೆದ್ರು. ಸರಿ, ಒಂದು ವರ್ಷ ಆಯ್ತು. 2024ರ ಮೇ 7ಕ್ಕೆ ಲೋಕಸಭೆಗೆ ವೋಟಿಂಗ್. ಅದೇ ಕಾಗೇರಿಯವರು ನಿಂತ್ರು, ಮೂರು ಲಕ್ಷದ 37 ಸಾವಿರ ವೋಟಿನ ಲೀಡಲ್ಲಿ ಗೆದ್ರು. ಲೋಕಸಭೆ ಕ್ಷೇತ್ರಕ್ಕೆ ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರು ಸೇರ್ತದೆ ಅನ್ನೋದು ಹೌದು, ಆದ್ರೂ ಇಷ್ಟು ದೊಡ್ಡ ಅಂತರ ಆ ಎರಡು ತಾಲೂಕಿಂದ ಮಾತ್ರ ಬಂದದ್ದಲ್ಲ. 2023ರಲ್ಲಿ ನಮ್ಮ ಜಿಲ್ಲೆಯ ಆರು ಸೀಟಲ್ಲಿ ನಾಲ್ಕು ಕಾಂಗ್ರೆಸ್ಸಿಗೆ ಹೋಗಿತ್ತು: ಕಾರವಾರ, ಭಟ್ಕಳ, ಶಿರಸಿ, ಹಳಿಯಾಳ. ಕುಮಟಾ, ಯಲ್ಲಾಪುರ ಎರಡೇ ಬಿಜೆಪಿಗೆ. ಅದೇ ಊರು, ಅದೇ ಬೂತು, ಅದೇ ಮನೆಯ ಅದೇ ಐದಾರು ಜನ.

ಹೊರಗಿನ ಪತ್ರಿಕೆಯವರು, ಟೀವಿಯವರು ಬಂದಾಗ ನಮ್ಮ ಜಿಲ್ಲೆಗೆ ಒಂದು ಹೆಸರು ಇಟ್ಟು ಹೋಗ್ತಾರೆ, ಕರಾವಳಿ ಅಂದ್ರೆ ಹಿಂದುತ್ವದ ಕೋಟೆ ಅಂತ. ಇನ್ನು ಕೆಲವರು ಜಾತಿ ಲೆಕ್ಕ ಹಿಡ್ಕೊಂಡು ಕೂರ್ತಾರೆ, ನಾಮಧಾರಿಗಳು ಇಷ್ಟು, ಹವ್ಯಕರು ಇಷ್ಟು, ಹಾಲಕ್ಕಿಗಳು ಇಷ್ಟು, ಮರಾಠರು, ಕೋಮಾರಪಂತರು, ಮೀನುಗಾರರು, ಮುಸ್ಲಿಮರು ಇಷ್ಟು ಅಂತ. ಎರಡೂ ಲೆಕ್ಕ ಇಲ್ಲಿ ಪೂರ್ತಿ ಕೂಡೋದಿಲ್ಲ. ಕೋಟೆ ಆಗಿದ್ರೆ 2023ರಲ್ಲಿ ನಾಲ್ಕು ಸೀಟು ಹ್ಯಾಗೆ ಹೋಯ್ತು? ಜಾತಿ ಒಂದೇ ಆಗಿದ್ರೆ, ಸಂಖ್ಯೆಯಲ್ಲಿ ದೊಡ್ಡವರು ನಾಮಧಾರಿಗಳು ಅಂತ ಎಲ್ರೂ ಹೇಳುವ ಕ್ಷೇತ್ರದಲ್ಲಿ 1996ರಿಂದ ಒಂದು ಅವಧಿ ಬಿಟ್ರೆ ಎಂಪಿ ಆದವರೆಲ್ಲ ಹವ್ಯಕರೇ, ಅದು ಹ್ಯಾಗೆ? ನಾನು ಗಮನಿಸಿದ್ದು ಏನಂದ್ರೆ, ನಾವು ಎಮ್ಮೆಲ್ಲೆಗೆ ವೋಟು ಹಾಕುವಾಗ ಆ ಮನುಷ್ಯನ್ನ ನೋಡ್ತೇವೆ, ಎಂಪಿಗೆ ಹಾಕುವಾಗ ಬಾವುಟ ನೋಡ್ತೇವೆ. ಎರಡೂ ನಮ್ಮ ಹಕ್ಕು, ನಾನು ಯಾರನ್ನೂ ಬೈಯೋಕೆ ಬಂದಿಲ್ಲ. ಆದ್ರೆ ಇದರಿಂದ ನಮಗೆ ಆಗ್ತಿರೋ ಒಂದು ದೊಡ್ಡ ನಷ್ಟ ಇದೆ. ಅದನ್ನ ಹೇಳ್ಬೇಕು ಅಂತಲೇ ಇವತ್ತು ಬಂದದ್ದು.

ಮೊದಲು ಎಂಪಿ ಸೀಟಿನ ಚರಿತ್ರೆ ಸ್ವಲ್ಪ ನೋಡಿ. 1952, 57, 62, ಮೂರು ಸಲ ಜೋಕಿಮ್ ಆಳ್ವರು, ಕಾಂಗ್ರೆಸ್. 67ರಲ್ಲಿ ದಿನಕರ ದೇಸಾಯಿಯವರು. 71ರಲ್ಲಿ ಬಿ. ವಿ. ನಾಯಕರು, 77ರಲ್ಲಿ ಬಿ. ಪಿ. ಕದಂ. 1980ರಿಂದ ಸತತ ನಾಲ್ಕು ಸಲ ದೇವರಾಯ ನಾಯ್ಕರು. 1996ರಿಂದ ಅನಂತಕುಮಾರ ಹೆಗಡೆಯವರು, 99ರಲ್ಲಿ ಮಾರ್ಗರೆಟ್ ಆಳ್ವರು ಒಂದು ಸಲ, ಮತ್ತೆ 2004ರಿಂದ 2024ರವರೆಗೆ ಹೆಗಡೆಯವರೇ. ಅಂದ್ರೆ 1980ರಿಂದ 2024ರವರೆಗೆ, 44 ವರ್ಷದಲ್ಲಿ, ಮೂರೇ ಜನ! ಹಳಬರಿಗೆ ಗೊತ್ತಿರ್ತದೆ, ನಮ್ಮಲ್ಲಿ ಜಮೀನಿಗೆ ಮೂಲಗೇಣಿ ಅಂತ ಒಂದಿತ್ತು, ಚಾಲಗೇಣಿ ಅಂತ ಒಂದಿತ್ತು. ಮೂಲಗೇಣಿ ಕೊಟ್ಟದ್ದು ತಲೆಮಾರಿಗೂ ಕೊಟ್ಟ ಹಾಗೆ, ಚಾಲಗೇಣಿಯವನನ್ನ ಯಾವಾಗ ಬೇಕಾದ್ರೂ ಎಬ್ಬಿಸಬಹುದು. ಎಂಪಿ ಸೀಟನ್ನ ನಾವು ಮೂಲಗೇಣಿಗೆ ಕೊಟ್ಟಿದ್ದೇವೆ, ಎಮ್ಮೆಲ್ಲೆ ಸೀಟು ಚಾಲಗೇಣಿ. ಪಕ್ಷ ಬದಲಾಗಿದೆ, ಗೇಣಿಯ ರೀತಿ ಬದಲಾಗಿಲ್ಲ. ಕಾಂಗ್ರೆಸ್ ಕಾಲದಲ್ಲೂ ಹಾಗೇ ಇತ್ತು, ಬಿಜೆಪಿ ಕಾಲದಲ್ಲೂ ಹಾಗೇ ಇದೆ.

ಲೀಡಿನ ಅಂಕಿ ನೋಡಿದ್ರೆ ಇನ್ನೂ ಸ್ಪಷ್ಟ ಆಗ್ತದೆ. 2009ರಲ್ಲಿ ಹೆಗಡೆಯವರು ಮಾರ್ಗರೆಟ್ ಆಳ್ವರನ್ನ ಸೋಲಿಸಿದ್ದು 22 ಸಾವಿರ ಚಿಲ್ಲರೆಯಲ್ಲಿ. ಅದು ಹೋರಾಟ. 2014ರಲ್ಲಿ ಒಂದು ಲಕ್ಷದ 40 ಸಾವಿರ. 2019ರಲ್ಲಿ ನಾಲ್ಕು ಲಕ್ಷದ 79 ಸಾವಿರ. ಹತ್ತು ವರ್ಷದಲ್ಲಿ ಹೋರಾಟ ಅನ್ನೋದೇ ಮುಗಿದು ಹೋಯ್ತು. ಇದರಲ್ಲಿ ಮೋದಿಯವರ ಹೆಸರಿನ ಪಾಲು ದೊಡ್ಡದು, ಅದನ್ನ ಯಾರೂ ಅಲ್ಲ ಅನ್ನೋದಿಲ್ಲ. ಆದ್ರೆ ಎದುರು ಪಕ್ಷದ್ದೂ ಪಾಲಿದೆ. 2019ರಲ್ಲಿ ಕಾಂಗ್ರೆಸ್ ಈ ಸೀಟನ್ನ ಜೆಡಿಎಸ್‌ಗೆ ಬಿಟ್ಟುಕೊಟ್ತು, 2024ರಲ್ಲಿ ಖಾನಾಪುರದ ಮಾಜಿ ಶಾಸಕಿಯನ್ನ ತಂದು ನಿಲ್ಲಿಸ್ತು. ಅವರು ಒಳ್ಳೆ ಅಭ್ಯರ್ಥಿಯೇ ಇರಬಹುದು, ಆದ್ರೆ ಹೊನ್ನಾವರದ ಹಳ್ಳಿಯವರಿಗೆ ಅವರ ಪರಿಚಯ ಎಲ್ಲಿಂದ ಬರ್ಬೇಕು? ಗೆಲ್ಲುವವರಿಗೆ ಗೆದ್ದೇ ಗೆಲ್ತೇವೆ ಅಂತ ಗೊತ್ತು, ಸೋಲುವವರಿಗೆ ಸೋಲ್ತೇವೆ ಅಂತ ಗೊತ್ತು, ನಡುವೆ ವೋಟು ಹಾಕುವವರ ಹತ್ರ ಯಾರೂ ಏನೂ ಕೇಳೋದಿಲ್ಲ.

ಇದು ಹ್ಯಾಗೆ ಬಂತು ಅಂತ ತಿಳಿಯೋಕೆ ಭೂಮಿಯ ಕಥೆಗೆ ಹೋಗ್ಬೇಕು. 1974ರ ಭೂಸುಧಾರಣೆ ಬಂದಾಗ ನಮ್ಮ ಕರಾವಳಿಯ ಸಾವಿರಾರು ಗೇಣಿ ಮನೆಗಳು ಜಮೀನಿನ ಒಡೆಯರಾದ್ವು, ಅದರಲ್ಲಿ ನಾಮಧಾರಿಗಳು, ಹಾಲಕ್ಕಿಗಳು, ಇನ್ನೂ ಎಷ್ಟೋ ಸಣ್ಣ ಸಮುದಾಯದವರು. ಇದು ನಾವು ಗೇಣಿ ಮಾಡ್ತಿದ್ದ ಭೂಮಿ ಅಂತ ಡಿಕ್ಲರೇಶನ್ ಕೊಟ್ಟು, ಭೂ ಟ್ರಿಬ್ಯುನಲ್ ಮುಂದೆ ನಿಂತು, ಒಡೆಯರ ಎದುರೇ ಹೇಳಿಕೆ ಕೊಟ್ಟು ಪಡೆದ ಭೂಮಿ ಅದು. ಆ ಮನೆಗಳು ಒಂದು ತಲೆಮಾರು ಪೂರ್ತಿ ಇಂದಿರಾಗಾಂಧಿ, ದೇವರಾಜ ಅರಸು ಹೆಸರಿಗೆ ವೋಟು ಹಾಕಿದ್ವು. 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋದಾಗ ಕರ್ನಾಟಕದ 28ರಲ್ಲಿ 26 ಸೀಟು ಉಳಿಸ್ಕೊಂಡಿತ್ತು, ನಮ್ಮದೂ ಅದರಲ್ಲಿ ಒಂದು. ಭೂಮಿ ಕಳ್ಕೊಂಡ ಮನೆಗಳ ಸಿಟ್ಟೂ ಅಷ್ಟೇ ದಿನ ಉಳೀತು, ಅವರ ವೋಟು ಬೇರೆ ಕಡೆ ಹೋಗೋಕೆ ಅದೂ ಒಂದು ಕಾರಣ.

ಆದ್ರೆ ಗೇಣಿಯ ನೆನಪು ಇದ್ದವರು ಮುದುಕರಾದ್ರು. ಅವರ ಮೊಮ್ಮಕ್ಕಳಿಗೆ ಟ್ರಿಬ್ಯುನಲ್ ಗೊತ್ತಿಲ್ಲ. ಅವರು ಕಣ್ಣು ಬಿಟ್ಟಾಗ ಕಂಡದ್ದು ಅಯೋಧ್ಯೆ, 1993ರ ಭಟ್ಕಳದ ಗಲಭೆ, ಹುಬ್ಬಳ್ಳಿ ಈದ್ಗಾ ಮೈದಾನದಲ್ಲಿ ರಾಷ್ಟ್ರಧ್ವಜ ಹಾರಿಸುವ ಗಲಾಟೆ, 1996ರಲ್ಲಿ ಭಟ್ಕಳದ ಶಾಸಕ ಡಾ. ಚಿತ್ತರಂಜನ್ ಅವರ ಕೊಲೆ. ಆ ವರ್ಷವೇ ಲೋಕಸಭೆಗೆ ಮೊದಲ ಸಲ ಬಿಜೆಪಿ ಇಲ್ಲಿ ಗೆದ್ದದ್ದು. 2017ರ ಡಿಸೆಂಬರಲ್ಲಿ ಹೊನ್ನಾವರದ ಒಬ್ಬ ಹುಡುಗನ ಸಾವಾಯ್ತು, ಅದರ ಮೇಲೆ ಇಡೀ ಕರಾವಳಿ ಹೊತ್ತಿ ಉರೀತು, 2018ರಲ್ಲಿ ಕಾರವಾರ, ಕುಮಟಾ, ಭಟ್ಕಳ, ಶಿರಸಿ ನಾಲ್ಕೂ ಬಿಜೆಪಿಗೆ ಬಂತು. 2022ರಲ್ಲಿ ಸಿಬಿಐ ಅದು ನೀರಲ್ಲಿ ಮುಳುಗಿ ಆದ ಸಾವು ಅಂತ ವರದಿ ಕೊಟ್ತು. 2023ರಲ್ಲಿ ಆ ನಾಲ್ಕರಲ್ಲಿ ಮೂರು ಕೈಬಿಟ್ಟು ಹೋಯ್ತು. ಅದೊಂದೇ ಕಾರಣ ಅಂತ ನಾನು ಹೇಳೋದಿಲ್ಲ, ಆದ್ರೆ ಆ ಹುಡುಗನ ಮನೆಯವರ ದುಃಖವನ್ನ ಎಲ್ಲಾ ಕಡೆಯವರೂ ಉಪಯೋಗಿಸ್ಕೊಂಡ್ರು ಅನ್ನೋದು ನನಗೆ ಇವತ್ತಿಗೂ ಸಂಕಟ ಕೊಡ್ತದೆ.

ಈಗ ಅಸೆಂಬ್ಲಿಗೆ ಬರೋಣ. ಅಲ್ಲಿ ನೋಡಿ ಎಷ್ಟು ಜೀವ ಇದೆ. 2023ರಲ್ಲಿ ಇದೇ ಕುಮಟಾದಲ್ಲಿ ದಿನಕರ ಶೆಟ್ರು ಗೆದ್ದದ್ದು 676 ವೋಟಿನಿಂದ. ಎದುರಿದ್ದದ್ದು ಜೆಡಿಎಸ್‌ನ ಸೂರಜ್ ನಾಯ್ಕ ಸೋನಿಯವರು. ಜೆಡಿಎಸ್ ಅಂದ್ರೆ ಹಾಸನ ಮಂಡ್ಯದ ಪಾರ್ಟಿ ಅಂತಾರಲ್ಲ, ಇಲ್ಲಿ ಆ ಚಿಹ್ನೆ ಮೇಲೆ ಒಬ್ಬ ಮನುಷ್ಯ ಇಷ್ಟು ಹತ್ರ ಬಂದದ್ದು ಅವರ ಸ್ವಂತ ಓಡಾಟದಿಂದ. ಕಾರವಾರದಲ್ಲಿ ಅಂತರ ಎರಡು ಸಾವಿರ ಚಿಲ್ಲರೆ. ಹಳಿಯಾಳದಲ್ಲಿ ದೇಶಪಾಂಡೆಯವರು, 1983ರಲ್ಲಿ ಜನತಾ ಪಕ್ಷದಿಂದ ಶುರು ಮಾಡಿ 2008ರ ಒಂದು ಸೋಲು ಬಿಟ್ರೆ ಗೆಲ್ತಾನೇ ಬಂದವರು, ಅವರೂ ನಾಲ್ಕು ಸಾವಿರದ ಒಳಗೇ. 2013ರಲ್ಲಂತೂ ಕಾರವಾರದಲ್ಲಿ ಸತೀಶ ಸೈಲ್, ಭಟ್ಕಳದಲ್ಲಿ ಮಂಕಾಳ ವೈದ್ಯ, ಇಬ್ರೂ ಪಕ್ಷೇತರರಾಗಿ ಗೆದ್ದಿದ್ರು. ಪಕ್ಷ ಬಿಟ್ಟವರನ್ನೂ ನಾವು ಕೈಬಿಡಲಿಲ್ಲ. 2008ರಲ್ಲಿ ಆನಂದ ಅಸ್ನೋಟಿಕರ್ ಕಾಂಗ್ರೆಸ್ಸಿಂದ ಗೆದ್ದು, ಅದೇ ವರ್ಷ ಬಿಜೆಪಿಗೆ ಹೋಗಿ, ಬೈ ಇಲೆಕ್ಷನ್ನಲ್ಲಿ ಮತ್ತೆ ಗೆದ್ರು. 2019ರಲ್ಲಿ ಯಲ್ಲಾಪುರದ ಶಿವರಾಮ ಹೆಬ್ಬಾರರೂ ಹಾಗೇ. ಈಗ ಬಿಜೆಪಿ ಅವರನ್ನ ಉಚ್ಚಾಟಿಸಿದೆ, ಅವರ ಊರಿನವರು ಅವರ ಮನೆಗೆ ಹೋಗೋದು ಬಿಟ್ಟಿಲ್ಲ. ನನಗೆ ಪಕ್ಷಾಂತರ ಸರಿ ಕಾಣೋದಿಲ್ಲ, ಆದ್ರೆ ವೋಟರು ಯಾಕೆ ಕ್ಷಮಿಸ್ತಾರೆ ಅನ್ನೋದು ಅರ್ಥ ಆಗ್ತದೆ.

ಯಾಕಂದ್ರೆ ಎಮ್ಮೆಲ್ಲೆ ನಮ್ಮಲ್ಲಿ ಮನೆಯ ಕಷ್ಟಕ್ಕೆ ಬರುವ ಮನುಷ್ಯ. ರಾತ್ರಿ ಹನ್ನೊಂದಕ್ಕೆ ಮನೆಯಲ್ಲಿ ಯಾರಿಗೋ ಎದೆನೋವು ಬಂತು, ಮಣಿಪಾಲಕ್ಕೋ ಗೋವಾಕ್ಕೋ ಹುಬ್ಬಳ್ಳಿಗೋ ಒಯ್ಯಬೇಕು, ಅಲ್ಲಿ ಬೆಡ್ ಸಿಗಬೇಕು, ಬಿಲ್ಲು ಕಡಿಮೆ ಮಾಡಿಸ್ಬೇಕು, ಫೋನ್ ಹೋಗೋದು ಯಾರಿಗೆ? ಎಮ್ಮೆಲ್ಲೆಗೆ, ಇಲ್ಲಾ ಎಮ್ಮೆಲ್ಲೆ ಆಗ್ಬೇಕು ಅಂತ ಓಡಾಡ್ತಿರುವವನಿಗೆ. ಇವರು ಮದುವೆಗೆ ಬರ್ತಾರೆ, ಬಂಡಿಹಬ್ಬಕ್ಕೆ ಬರ್ತಾರೆ, ಯಕ್ಷಗಾನಕ್ಕೆ ಬಂದು ಕೂರ್ತಾರೆ. ಹಾಲಕ್ಕಿಗಳ ಕೇರಿಗೆ ಕೊಪ್ಪ ಅಂತಾರೆ, ಅಲ್ಲಿ ಗೌಡ, ಬುದವಂತ, ಕೋಲಕಾರ ಅಂತ ಯಜಮಾನಿಕೆ ಇತ್ತು, ಇನ್ನೂ ಇದೆ, ಮೊದಲೆಲ್ಲ ಅವರು ಕೂತು ಮಾತಾಡಿದ್ರೆ ಕೊಪ್ಪಕ್ಕೆ ಕೊಪ್ಪವೇ ಒಂದು ಕಡೆ ಹೋಗ್ತಿತ್ತು. ಮೀನುಗಾರ ಕೇರಿಯಲ್ಲೂ ಯಜಮಾನರ ಮಾತು ನಡೀತಿತ್ತು. ಘಟ್ಟದ ಮೇಲೆ ಅಡಿಕೆ ತೋಟದವರಿಗೆ ಸೊಸೈಟಿ ಇದೆ, ಶಿರಸಿಯಲ್ಲಿ ತೋಟಗಾರರ ಸಹಕಾರಿ ಸಂಘ ಟಿಎಸ್‌ಎಸ್‌ನ ಆಡಳಿತ ಮಂಡಳಿ ಚುನಾವಣೆ ಬಂದ್ರೆ ಅದರ ಬಿಸಿ ಎಮ್ಮೆಲ್ಲೆ ಇಲೆಕ್ಷನ್ನಿಗೆ ಏನೂ ಕಡಿಮೆ ಇರೋದಿಲ್ಲ. ಭಟ್ಕಳದಲ್ಲಿ ಮುಸ್ಲಿಮರ ಸಂಸ್ಥೆ ತಂಝೀಮ್ ಕೂತು ಯಾರಿಗೆ ಬೆಂಬಲ ಅಂತ ತೀರ್ಮಾನ ಮಾಡ್ತದೆ, ಅದನ್ನೇ ದೊಡ್ಡದು ಮಾಡಿ ನೋಡಿ ಅವರೆಲ್ಲ ಒಟ್ಟಾಗಿ ವೋಟು ಹಾಕ್ತಾರೆ ಅಂತ ದೂರುವವರಿದ್ದಾರೆ. ಒಟ್ಟಾಗಿ ಕೂತು ಮಾತಾಡಿ ವೋಟು ಹಾಕೋದು ಈ ಜಿಲ್ಲೆಯಲ್ಲಿ ಎಲ್ಲಾ ಸಮುದಾಯದ ರೂಢಿ. ಅವರದ್ದು ಮಾತ್ರ ಕಣ್ಣಿಗೆ ಕುಕ್ಕೋದು ಸರಿಯಲ್ಲ. ಭಟ್ಕಳದಿಂದ ಎಸ್. ಎಂ. ಯಾಹ್ಯಾ ಗೆದ್ದು ರಾಜ್ಯದಲ್ಲಿ ಮಂತ್ರಿ ಆಗಿದ್ದ ಕಾಲವೂ ಇತ್ತು, ಆಗ ಅವರಿಗೆ ವೋಟು ಹಾಕಿದವರಲ್ಲಿ ಎಲ್ಲಾ ಕೇರಿಯವರೂ ಇದ್ರು.

ಇನ್ನು ಮುಖ್ಯ ವಿಷಯ. ನಮ್ಮನ್ನ ನಿಜಕ್ಕೂ ಕಾಡ್ತಿರೋ ಪ್ರಶ್ನೆಗಳನ್ನ ಒಮ್ಮೆ ಲೆಕ್ಕ ಹಾಕಿ ನೋಡಿ. ಕಾರವಾರದ ಸೀಬರ್ಡ್ ನೌಕಾನೆಲೆ. 1986ರಲ್ಲಿ ಅಡಿಗಲ್ಲು, 2005ರಲ್ಲಿ ಐಎನ್‌ಎಸ್ ಕದಂಬ ಅನ್ನೋ ಹೆಸರಲ್ಲಿ ನೆಲೆ ಶುರು. ಅರ್ಗಾದಿಂದ ಈಚೆ ಕಡಲು, ಮನೆ, ಗದ್ದೆ ಬಿಟ್ಟುಕೊಟ್ಟವರು ಪರಿಹಾರಕ್ಕಾಗಿ ಎಷ್ಟು ವರ್ಷ ಕೋರ್ಟು ಸುತ್ತಿದ್ರು ಅನ್ನೋದು ತೋಡೂರು, ಮುದಗಾದವರನ್ನ ಕೇಳಿ. ಅದು ರಕ್ಷಣಾ ಇಲಾಖೆ, ಕೇಂದ್ರ. ಕೈಗಾ ಅಣು ಸ್ಥಾವರ, ನಾಲ್ಕು ಘಟಕ ಆಯ್ತು, 5 ಮತ್ತು 6ನೇದು ಬರ್ತಿದೆ. ಕೇಂದ್ರ. ಹೆದ್ದಾರಿ 66, ಗುಡ್ಡ ನೆಟ್ಟಗೆ ಕಡಿದು ಮಾಡಿದ ರಸ್ತೆ, 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದು ಚಾ ಅಂಗಡಿ, ಅದರಲ್ಲಿದ್ದ ಸಂಸಾರ ಎಲ್ಲಾ ಗಂಗಾವಳಿ ನದಿಗೆ ಹೋಯ್ತು, ಮೂರು ವಾರ ಕಳೀತು, ಕಾಳಿ ನದಿಯ ಹಳೇ ಸೇತುವೆ ಬಿತ್ತು. ಅದೂ ಕೇಂದ್ರ. ಹುಬ್ಬಳ್ಳಿ ಅಂಕೋಲಾ ರೈಲು, ಕೇಂದ್ರ. ಹೊರದೇಶದ ಅಡಿಕೆ ಯಾವ ರೇಟಿಗೆ ಒಳಗೆ ಬರ್ಬೇಕು ಅನ್ನೋದು, 2023ರಲ್ಲಿ ಕಿಲೋಗೆ 251 ಇದ್ದ ಕನಿಷ್ಠ ಆಮದು ಬೆಲೆಯನ್ನ 351 ಮಾಡಿದ್ದು, ಕೇಂದ್ರ. ಹಾಲಕ್ಕಿಗಳನ್ನ ಪರಿಶಿಷ್ಟ ಪಂಗಡಕ್ಕೆ ಸೇರಿಸೋದು ಪಾರ್ಲಿಮೆಂಟಿನ ಕೈಯಲ್ಲಿದೆ. ಸಿದ್ದಿಗಳಿಗೆ 2003ರಲ್ಲಿ ಆಯ್ತು, ಹಾಲಕ್ಕಿಗಳಿಗೆ ಇನ್ನೂ ಆಗಿಲ್ಲ. ಸುಕ್ರಿ ಬೊಮ್ಮಗೌಡರಿಗೆ, ತುಳಸಿ ಗೌಡರಿಗೆ ಪದ್ಮಶ್ರೀ ಬಂತು, ಇಬ್ರೂ ತೀರ್ಕೊಂಡ್ರು, ಅವರ ಜನರ ಬೇಡಿಕೆ ಇದ್ದಲ್ಲೇ ಇದೆ.

ಮತ್ತೆ ಅರಣ್ಯ. ಜಿಲ್ಲೆಯ ಶೇಕಡಾ 80ರ ಹತ್ರ ಕಾಡು, ಉಳಿದ ಜಾಗದಲ್ಲಿ ನಾವೆಲ್ಲ ಇದ್ದೇವೆ. ಸಿದ್ದಾಪುರ ಕಡೆ ಒಂದು ಮನೆಯಲ್ಲಿ ಅರಣ್ಯ ಹಕ್ಕಿನ ಅರ್ಜಿಯ ಫೈಲ್ ನೋಡಿದ್ದೆ. ಜಿಪಿಎಸ್ ಸರ್ವೆಯ ನಕ್ಷೆ, ಮನೆ ತೆರಿಗೆ ರಸೀದಿ, ವೋಟರ್ ಐಡಿಯ ಜೆರಾಕ್ಸು, ಎಲ್ಲದರ ಕೆಳಗೆ ಮಡಿಕೆ ಮಡಿಕೆ ಹರಿದ ಒಂದು ಹಳದಿ ಕಾಗದ. ಅತಿಕ್ರಮಣ ಮಾಡಿದ್ದಾನೆ ಅಂತ ಆ ಮನೆಯ ಅಜ್ಜನಿಗೆ ಅರಣ್ಯ ಇಲಾಖೆ ಹಾಕಿದ್ದ ದಂಡದ ರಸೀದಿ. ದಂಡ ಕಟ್ಟಿದ ಕಾಗದವೇ ಈಗ ಅವರು ಅಲ್ಲಿದ್ರು ಅನ್ನೋದಕ್ಕೆ ಸಾಕ್ಷಿ. ಅಷ್ಟಿದ್ರೂ ಅರ್ಜಿ ತಿರಸ್ಕಾರ ಆಗಿತ್ತು. ಬುಡಕಟ್ಟಿಗೆ ಸೇರದವರು ಮೂರು ತಲೆಮಾರು, ಅಂದ್ರೆ 75 ವರ್ಷ, ಅಲ್ಲೇ ಇದ್ದದ್ದಕ್ಕೆ ದಾಖಲೆ ಕೊಡ್ಬೇಕು ಅಂತ 2006ರ ಕಾಯ್ದೆ ಕೇಳ್ತದೆ. ನಮ್ಮ ಜಿಲ್ಲೆಯಲ್ಲಿ ಬಹುಪಾಲು ಅರ್ಜಿಗಳು ಅಲ್ಲೇ ಬಿದ್ದುಹೋಗಿವೆ. ಈ ಕಾಯ್ದೆ ಮಾಡಿದ್ದು ಪಾರ್ಲಿಮೆಂಟು, ತಿದ್ದುಪಡಿ ಆಗ್ಬೇಕಾದ್ರೂ ಅಲ್ಲೇ ಆಗ್ಬೇಕು. ಆ ಮನೆಯ ಯಜಮಾನರನ್ನ ಕೇಳ್ದೆ, ಇದನ್ನ ಲೋಕಸಭೆ ಇಲೆಕ್ಷನ್ನಲ್ಲಿ ವೋಟು ಕೇಳೋಕೆ ಬಂದವರ ಮುಂದೆ ಇಟ್ರಾ ಅಂತ. "ಅವ್ರ ಹತ್ರ ಎಂತ ಕೇಳೂದು ಮಾರಾಯ್ರೆ, ಅದು ದೇಶದ ಇಲೆಕ್ಷನ್ ಅಲ್ದಾ, ಎಮ್ಮೆಲ್ಲೆ ಹತ್ರ ಹೇಳಿದ್ದೇವೆ" ಅಂದ್ರು.

ನಷ್ಟ ಅಂತ ಹೇಳಿದ್ನಲ್ಲ, ಅದು ಇದು. ಅಧಿಕಾರ ಇಲ್ಲದವನ ಹತ್ರ ನಾವು ಜಗಳ ಮಾಡಿ ಕೇಳ್ತೇವೆ, ಅಧಿಕಾರ ಇರುವವನ ಹತ್ರ ಕೇಳೋದೇ ಇಲ್ಲ. 676 ವೋಟಲ್ಲಿ ಗೆದ್ದವರು ಪ್ರತಿ ಕೇರಿಯ ಮಾತಿಗೂ ಹೆದರ್ಬೇಕು, ಹೆದರ್ತಾರೆ. ನಾಲ್ಕು ಲಕ್ಷದಲ್ಲಿ ಗೆದ್ದವರಿಗೆ ಯಾವ ಕೇರಿಯ ಹೆದರಿಕೆ? ಶಿರೂರಿನ ಗುಡ್ಡ ಕುಸಿದಾಗ ಜನ ಸಿಟ್ಟು ತೋರಿಸಿದ್ದು ತಹಶೀಲ್ದಾರರ ಮೇಲೆ, ಎಸ್ಪಿ ಮೇಲೆ, ಎಮ್ಮೆಲ್ಲೆ ಮೇಲೆ.

ಕೇಳಿದ್ರೆ ಆಗ್ತದೆ ಅನ್ನೋದಕ್ಕೆ ಆಸ್ಪತ್ರೆಯ ವಿಷಯ ನೋಡಿ. 2019ರಲ್ಲಿ ನಮ್ಮ ಹುಡುಗರು ಟ್ವಿಟರಲ್ಲಿ ಶುರು ಮಾಡಿದ್ರು, ಜಿಲ್ಲೆಗೆ ಒಂದು ತುರ್ತು ಚಿಕಿತ್ಸೆಯ ದೊಡ್ಡಾಸ್ಪತ್ರೆ ಬೇಕು ಅಂತ. 2022ರ ಜುಲೈನಲ್ಲಿ ಹೊನ್ನಾವರದಿಂದ ಹೋಗ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ರದ ಶಿರೂರು ಟೋಲ್‌ಗೇಟಲ್ಲಿ ಮಗುಚಿ ನಾಲ್ಕು ಜನ ಹೋದ್ರಲ್ಲ, ಆಮೇಲೆ ಅದು ಎಲ್ಲಾ ಮನೆಯ ಮಾತಾಯ್ತು. 2023ರಲ್ಲಿ ಯಾವ ಪಕ್ಷದ ಅಭ್ಯರ್ಥಿಯೂ ಆಸ್ಪತ್ರೆ ಅನ್ನದೆ ಭಾಷಣ ಮುಗಿಸೋ ಹಾಗಿರ್ಲಿಲ್ಲ. ಆಸ್ಪತ್ರೆ ಇನ್ನೂ ಕೈಗೆ ಬಂದಿಲ್ಲ, ಆದ್ರೆ ಆ ಮಾತನ್ನ ತಪ್ಪಿಸ್ಕೊಳ್ಳೋಕೆ ಯಾರಿಗೂ ಆಗ್ತಿಲ್ಲ. ಕಾರವಾರದಲ್ಲಿ 2020ರ ಜನವರಿಯಲ್ಲಿ ಬಂದರು ದೊಡ್ಡದು ಮಾಡುವ ಸಾಗರಮಾಲಾ ಕೆಲಸ ಶುರು ಆದಾಗ ಮೀನುಗಾರರು ಪಕ್ಷ ಮರೆತು ಟಾಗೋರ್ ಬೀಚಿಗೆ ಇಳಿದ್ರು, ಕೆಲಸ ನಿಂತ್ತು. ಹೊನ್ನಾವರದ ಕಾಸರಕೋಡ ಟೊಂಕದಲ್ಲಿ, ಈಗ ಅಂಕೋಲಾ ಕೇಣಿಯಲ್ಲಿ ಬಂದರಿನ ವಿರುದ್ಧ ಹಾಗೇ ನಿಂತಿದ್ದಾರೆ. ಬೀದಿಯಲ್ಲಿ ಇಷ್ಟು ಗಟ್ಟಿ ಇರುವ ಜನ ಲೋಕಸಭೆ ಬೂತಿಗೆ ಹೋಗುವಾಗ ಆ ಗಟ್ಟಿತನ ಮನೆಯಲ್ಲೇ ಬಿಟ್ಟು ಹೋಗ್ತಾರೆ.

ಒಂದು ಸಲ ಹೀಗೆ ಆಗಿರ್ಲಿಲ್ಲ. 1967ರಲ್ಲಿ ದಿನಕರ ದೇಸಾಯಿಯವರು ಪಕ್ಷೇತರರಾಗಿ ನಿಂತು ಲೋಕಸಭೆಗೆ ಗೆದ್ರು. ಈಗಿನ ಹುಡುಗರಿಗೆ ಅವರು ಚುಟುಕದ ಕವಿ. ಅದಕ್ಕೂ ಮೊದಲು ಅವರು ಅಂಕೋಲಾದ ಗೇಣಿ ರೈತರನ್ನ ಕಟ್ಟಿದವರು, ಅದಕ್ಕಾಗಿ ಬ್ರಿಟಿಷ್ ಸರಕಾರ ಅವರನ್ನ ಜಿಲ್ಲೆಯಿಂದಲೇ ಹೊರಗೆ ಹಾಕಿತ್ತು. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಮಾಡಿ ಹಳ್ಳಿ ಹಳ್ಳಿಗೆ ಹೈಸ್ಕೂಲ್ ತಂದ್ರು. ಆಗ ನಮ್ಮ ಅಜ್ಜಂದಿರು ದಿಲ್ಲಿಗೆ ಕಳಿಸುವಾಗ್ಲೂ ಇಲ್ಲಿನ ಮನುಷ್ಯನ್ನ, ಇಲ್ಲಿನ ಕೆಲಸ ನೋಡಿ ಕಳಿಸಿದ್ರು. ಅವರಲ್ಲಿ ಹೆಚ್ಚಿನವರಿಗೆ ಓದು ಬರ್ತಿರ್ಲಿಲ್ಲ.

ಪ್ರಶ್ನೆ ಕೇಳುವ ಹೊತ್ತಿಗೆ ಒಬ್ಬ ಹಿರಿಯರು ಎದ್ದು ನಿಂತು, ದೇಶದ ಭದ್ರತೆ, ಧರ್ಮ, ಇದಕ್ಕೆಲ್ಲ ವೋಟು ಹಾಕೋದು ತಪ್ಪು ಅಂತೀರಾ ಅಂತ ಸ್ವಲ್ಪ ಸಿಟ್ಟಲ್ಲೇ ಕೇಳಿದ್ರು. ತಪ್ಪಲ್ಲ ಅಂದೆ. ನೀವು ಯಾವ ಬಾವುಟಕ್ಕಾದ್ರೂ ಹಾಕಿ, ಆದ್ರೆ ಹಾಕೋದಕ್ಕೆ ಮೊದಲು ಆ ಬಾವುಟ ಹಿಡಿದು ಬಂದವರ ಹತ್ರ ಹೆದ್ದಾರಿಯ ಗುಡ್ಡದ ಬಗ್ಗೆ, 75 ವರ್ಷದ ದಾಖಲೆಯ ಬಗ್ಗೆ, ಹಾಲಕ್ಕಿಗಳ ಬಗ್ಗೆ ಬಾಯಿಬಿಟ್ಟು ಕೇಳಿ, ಗೆದ್ದ ಮೇಲೆ ಪಾರ್ಲಿಮೆಂಟಲ್ಲಿ ಎಷ್ಟು ಸಲ ಮಾತಾಡಿದ್ರು ಅಂತ ನೋಡಿ. ಸಂಸತ್ತಿನ ವೆಬ್‌ಸೈಟಲ್ಲಿ ಯಾವ ಎಂಪಿ ಯಾವ ಪ್ರಶ್ನೆ ಕೇಳಿದ್ರು ಅಂತ ಎಲ್ಲಾ ಸಿಗ್ತದೆ, ನಿಮ್ಮ ಮನೆಯ ಕಾಲೇಜು ಮಕ್ಕಳಿಗೆ ಹೇಳಿದ್ರೆ ಐದು ನಿಮಿಷದಲ್ಲಿ ತೆಗೆದು ಕೊಡ್ತಾರೆ. ಅವರು ತಲೆಯಾಡಿಸಿ ಕೂತ್ರು, ಒಪ್ಪಿದ್ರೋ ಇಲ್ವೋ ಗೊತ್ತಿಲ್ಲ.

ಇನ್ನೊಬ್ಬ ಹುಡುಗಿ ಕೇಳಿದ್ದು ನನಗೆ ಬಹಳ ಮುಖ್ಯ ಅನಿಸ್ತು. ಸರ್, ಎಮ್ಮೆಲ್ಲೆಗೂ ಎಂಪಿಗೂ ನಡುವೆ ನಾವು ಮಾತಾಡೋಕೆ ಬೇರೆ ಜಾಗ ಇಲ್ವಾ ಅಂತ. ಇತ್ತು ತಂಗಿ, ಜಿಲ್ಲಾ ಪಂಚಾಯತಿ. ಅದನ್ನ ಕಟ್ಟಿಕೊಟ್ಟವರೇ ನಮ್ಮ ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು, ಮುಖ್ಯಮಂತ್ರಿ ಆಗಿದ್ದಾಗ ತಮ್ಮ ಮಂತ್ರಿ ನಜೀರ್ ಸಾಬರ ಜೊತೆ ಸೇರಿ, 1983ರ ಕಾಯ್ದೆಯಲ್ಲಿ. 1987ರಲ್ಲಿ ಮೊದಲ ಚುನಾವಣೆ ಆದಾಗ ಇಡೀ ದೇಶ ಕರ್ನಾಟಕದ ಕಡೆ ನೋಡ್ತಿತ್ತು. ಈಗ ಜಿಲ್ಲಾ ಪಂಚಾಯತಿ, ತಾಲೂಕು ಪಂಚಾಯತಿಗೆ ಕೊನೆಯ ಸಲ ವೋಟು ಹಾಕಿದ್ದು 2016ರಲ್ಲಿ. 2021ಕ್ಕೆ ಅವಧಿ ಮುಗೀತು. ಆಮೇಲೆ ಬಿಜೆಪಿ ಸರಕಾರವೂ ಮಾಡ್ಲಿಲ್ಲ, ಕಾಂಗ್ರೆಸ್ ಸರಕಾರವೂ ಇನ್ನೂ ಮಾಡಿಲ್ಲ. ನೀನು 18 ತುಂಬಿ ವೋಟರ್ ಐಡಿ ಮಾಡಿಸಿದ್ಮೇಲೆ ಜಿಲ್ಲಾ ಪಂಚಾಯತಿಗೆ ಒಂದು ಸಲವೂ ವೋಟು ಹಾಕಿಲ್ಲ, ಅಲ್ವಾ ಅಂತ ಕೇಳ್ದೆ. ಇಲ್ಲ ಸರ್, ಅಂತದೊಂದು ಇಲೆಕ್ಷನ್ ಇದೆ ಅಂತಲೇ ಗೊತ್ತಿರ್ಲಿಲ್ಲ ಅಂದ್ಲು. ಆ ಹಾಲಲ್ಲಿ ಕೂತಿದ್ದ ಅವಳ ವಯಸ್ಸಿನವರು ಎಲ್ರೂ ಅದನ್ನೇ ಹೇಳಿದ್ರು.